ತಿಕೋಟಾ, ಬಬಲೇಶ್ವರಗಳ ದಾರಿಯ ವಿಲಾಯತಿ ಬಸ್ಸುಗಳು

ವಿಜಯಪುರಕ್ಕೆ ಬರುವ ಪ್ರವಾಸಿಕರು ಸಾಮಾನ್ಯವಾಗಿ ಕಲ್ಲಿನ ಕಟ್ಟಡಗಳನ್ನು ನೋಡಲು ಬರುವರು. ಗೋಲಗುಮ್ಮಟದ ಗಾತ್ರ, ಇಬ್ರಾಹಿಂ ರೋಜಾದ ಕುಸುರು, ಮುಗಿಯದೆ ನಿಂತ ಬಾರಾಕಮಾನು, ತಾಜಬಾವಡಿಯ ನೀರು, ಇವುಗಳ ವರ್ಣನೆಗೆ ನಮ್ಮ ಭಾಷೆಯಲ್ಲಿ ಕೊರತೆಯಿಲ್ಲ. ಆದುದರಿಂದ ಈ ಸಲ ನಾವು ವಾಚಕರನ್ನು ಕರೆದೊಯ್ಯುವದು ಗುಮ್ಮಟದ ಕಡೆಗಲ್ಲ, ಬಸ್ಸಿನ ನಿಲ್ದಾಣದ ಕಡೆಗೆ. ಅಲ್ಲಿಂದ ಹೊರಡುವ ಎರಡು ದಾರಿಗಳು ನಮಗೆ ಬಾಲ್ಯದಿಂದ ಪರಿಚಿತವಾದವು. ಒಂದು ಪಶ್ಚಿಮಕ್ಕೆ ಅಥಣಿಯ ಕಡೆಗೆ ಸಾಗಿ ಸುಮಾರು 20 ಕಿಲೋಮೀಟರಿನ ಮೇಲೆ ತಿಕೋಟೆಯನ್ನು ಮುಟ್ಟುವದು. ಇನ್ನೊಂದು ನೈರುತ್ಯಕ್ಕೆ ತಿರುಗಿ, ಡೋಣಿ ಹೊಳೆಯನ್ನು ದಾಟಿ, ಸುಮಾರು 25 ಕಿಲೋಮೀಟರಿನ ಮೇಲೆ ಬಬಲೇಶ್ವರವನ್ನು ಸೇರುವದು. ಈ ದಾರಿಗಳಲ್ಲಿ ಒಂದು ಕಾಲಕ್ಕೆ ಓಡಾಡಿದ ವಿಲಾಯತಿ ಬಸ್ಸುಗಳನ್ನೂ ಅವುಗಳನ್ನು ನಡೆಸಿದವರ ವಿದ್ಯೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನಮ್ಮ ಉದ್ದೇಶ.

ಈ ಎರಡು ಊರುಗಳಿಗೆ ಬಸ್ಸು ಎಂಬುದು ಎಷ್ಟು ದೊಡ್ಡ ಮಾತಾಗಿತ್ತೆಂಬುದು ತಿಳಿಯಬೇಕಾದರೆ ರೈಲಿನ ಸಂಗತಿಯನ್ನು ಮೊದಲು ನೆನೆಯಬೇಕು. 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ರೈಲುದಾರಿ ತೆರೆದಾಗ ಅಂದಿನ ಬಿಜಾಪುರವು ಸೊಲ್ಲಾಪುರಕ್ಕೂ ಬಾಗಲಕೋಟೆಗೂ ನೆರೆಯೂರಾಯಿತು. ಆದರೆ ಆ ಹಳಿಯು ಉತ್ತರ-ದಕ್ಷಿಣವಾಗಿ ಹಾದುಹೋದದ್ದರಿಂದ ಪಡುವಣದ ಊರುಗಳು ಇದ್ದಲ್ಲಿಯೇ ಉಳಿದವು. ತಿಕೋಟೆಗೂ ಬಬಲೇಶ್ವರಕ್ಕೂ ಇಂದಿಗೂ ರೈಲಿಲ್ಲ. ಎತ್ತಿನ ಬಂಡಿಯು ಪಟ್ಟಣ ಮುಟ್ಟಲು ಅರ್ಧ ದಿನ ಹಿಡಿಯುತ್ತಿತ್ತು. ಬೆಳಗಿನ ಬೆಳ್ಳಿ ಮೂಡಿದಾಗ ಹೂಡಿದರೆ ಬಿಸಿಲೇರುವ ಹೊತ್ತಿಗೆ ಪೇಟೆ. ಬೇನೆಯವರನ್ನು ದವಾಖಾನೆಗೆ ಒಯ್ಯುವದೂ, ಬೆಳೆದ ಹುಡುಗನನ್ನು ಹೈಸ್ಕೂಲಿಗೆ ಕಳಿಸುವದೂ, ಕೊಟ್ಟ ಮನೆಯಿಂದ ಮಗಳನ್ನು ಪಂಚಮಿಗೆ ಕರೆತರುವದೂ ಎಲ್ಲವೂ ಎತ್ತಿನ ಹೆಜ್ಜೆಯ ಲೆಕ್ಕವೇ ಆಗಿತ್ತು. ಆ ಲೆಕ್ಕವನ್ನು ತಪ್ಪಿಸಿದ್ದು ಮೋಟಾರು ಬಸ್ಸು.

ಆ ಕಾಲದ ಗಾಡಿಗಳು ಸಮುದ್ರ ದಾಟಿ ಬಂದವು. ಇಂಗ್ಲಂಡದ ಲೂಟನ್ ಪಟ್ಟಣದ ವಾಕ್ಸ್‌ಹಾಲ್ ಕಾರಖಾನೆಯವರು 1931ರಲ್ಲಿ ತಮ್ಮ ಜಿಲ್ಲೆಯ ಹೆಸರಿನಿಂದಲೇ ಬೆಡ್‌ಫರ್ಡ್ ಎಂಬ ಲಾರಿ-ಬಸ್ಸುಗಳನ್ನು ಮಾಡತೊಡಗಿದರು. ಲಂಕಾಶಾಯರಿನ ಲೇಲ್ಯಾಂಡ್ ಎಂಬ ಊರಿನ ಕಂಪನಿಯು ತನ್ನ ಗಾಡಿಗಳಿಗೆ ಊರಿನ ಹೆಸರನ್ನೇ ಕೊಟ್ಟಿತು. ಸ್ಕಾಟ್ಲಂಡದ ಗ್ಲಾಸ್ಗೋದಿಂದ ಆಲ್ಬಿಯನ್ ಬಂದಿತು. ಅದರ ಲಾಂಛನ ಉದಯಸೂರ್ಯ. ಸೂರ್ಯೋದಯವು ಹೇಗೆ ತಪ್ಪದೋ ಹಾಗೆಯೇ ತಮ್ಮ ಗಾಡಿಯೂ ತಪ್ಪದೆಂಬುದು ಆ ಕಂಪನಿಯವರ ಘೋಷಣೆ. ನಮ್ಮ ಮೂಡಣ ನೆರೆಯಾದ ನಿಜಾಮ ಸಂಸ್ಥಾನದಲ್ಲಿ 1932ರಲ್ಲಿ ರೈಲು ಇಲಾಖೆಯವರೇ 27 ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿದರು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನಲ್ಲಿ ಕಾದಿಟ್ಟಿರುವರು.

ಇಲ್ಲಿ ಮನೆಯವರೆಲ್ಲರೂ ಗಮನಿಸತಕ್ಕ ಒಂದು ವಿಷಯವಿದೆ. ವಿಲಾಯತಿಯಿಂದ ಬರುತ್ತಿದ್ದದ್ದು ಬಹುಮಟ್ಟಿಗೆ ಗಾಲಿ, ಎಂಜಿನು, ಉಕ್ಕಿನ ಚೌಕಟ್ಟು ಇಷ್ಟೇ. ಅದಕ್ಕೆ ಮೈ ಕಟ್ಟಿದವರು ನಮ್ಮ ಬಡಿಗರು ಮತ್ತು ಕಮ್ಮಾರರು. ಕಟ್ಟಿಗೆಯ ಕಂಬ, ತಗಡಿನ ಹೊದಿಕೆ, ನಾರು ತುಂಬಿದ ಆಸನ, ಮೇಲೆ ಗಂಟು-ಮೂಟೆಗಳಿಗಾಗಿ ಸುತ್ತುಗಟ್ಟೆ, ಹಿಂದೆ ಹತ್ತಲು ಕಬ್ಬಿಣದ ಏಣಿ. ಆದ್ದರಿಂದ ಆ ಬಸ್ಸುಗಳು ಹುಟ್ಟಿನಿಂದಲೇ ಅರ್ಧ ಪರದೇಶಿ, ಅರ್ಧ ಸ್ವದೇಶಿ. ಹೃದಯ ಅಲ್ಲಿಯದು, ಮೈ ಇಲ್ಲಿಯದು.

ಎರಡನೆಯ ಮಹಾಯುದ್ಧದ (1939–45) ದಿನಗಳಲ್ಲಿ ಪೆಟ್ರೋಲಿಗೆ ಪಡಿತರವಾದಾಗ ನಮ್ಮ ದೇಶದ ಬಸ್ಸುಗಳು ಇದ್ದಿಲನ್ನು ಉಂಡು ಓಡಿದವು. ಗಾಡಿಗೆ ಒಂದು ದೊಡ್ಡ ಉರುಳೆಯಾಕಾರದ ಒಲೆಯನ್ನು ಕಟ್ಟಿ, ಅದರಲ್ಲಿ ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿದರೆ ಹೊತ್ತಿಕೊಳ್ಳುವ ಗುಣವುಳ್ಳ ಒಂದು ಅನಿಲ ಹುಟ್ಟುವದು. ಅದನ್ನು ಸೋಸಿ ಎಂಜಿನಿಗೆ ಬಿಡುತ್ತಿದ್ದರು. ಶಕ್ತಿ ಮಾತ್ರ ಪೆಟ್ರೋಲಿಗಿಂತ ಕಡಿಮೆ. ಏರು ಬಂದಲ್ಲಿ ಗಂಡಸರು ಇಳಿದು ನೂಕುವದು, ಹೆಂಗಸರು ಮಕ್ಕಳು ಒಳಗೆ ಕುಳಿತು ನಗುವದು, ಇದು ಅಂದಿನ ಪ್ರವಾಸದ ಕ್ರಮವೇ ಆಗಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಟಿಕೀಟಿನ ಹಣ ಕೊಟ್ಟು ನೂಕುವ ಕೂಲಿಯನ್ನೂ ಮಾಡಿದೆವೆಂದು ನಮ್ಮ ಅಜ್ಜನವರು ವಿನೋದ ಮಾಡುವರು.

ಸ್ವಾತಂತ್ರ್ಯ ಬಂದ ಮರುವರ್ಷ ಸರಕಾರಿ ಸಾರಿಗೆಯು ಬಂದಿತು. ಅಂದು ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಮೊದಲ ಸರಕಾರಿ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ಓಡಿತು. ಅದು ಬೆಡ್‌ಫರ್ಡ್ ಜಾತಿಯದು. ‘ಸ್ಟೇಟ್ ಟ್ರಾನ್ಸ್‌ಪೋರ್ಟ್’ ಎಂಬುದರ ಮೊದಲ ಅಕ್ಷರಗಳನ್ನು ಹಿಡಿದು ನಮ್ಮ ಕಡೆಯ ಜನರು ಸರಕಾರಿ ಬಸ್ಸನ್ನು ‘ಎಸ್.ಟಿ.’ ಎಂದೇ ಕರೆದರು. ಆರಂಭದಲ್ಲಿ ಅದರ ಗಾಡಿಗಳ ಹಿಂಡಿನಲ್ಲಿ ಬೆಡ್‌ಫರ್ಡ್, ಲೇಲ್ಯಾಂಡ್, ಆಲ್ಬಿಯನ್, ಮಾರಿಸ್, ಕಾಮರ್ ಮೊದಲಾದ ವಿಲಾಯತಿ ಜಾತಿಗಳೂ ಅಮೇರಿಕೆಯ ಕೆಲವು ಜಾತಿಗಳೂ ಕೂಡಿದ್ದವು. 1956ರ ನವೆಂಬರ 1ರಂದು ಕನ್ನಡನಾಡು ಒಂದಾದಾಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಬಸ್ಸುಗಳೂ ಮನೆ ಬದಲಾಯಿಸಿದವು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ, 1973ರಲ್ಲಿ ಕರ್ನಾಟಕವೆಂಬ ಹೆಸರು, 2000ದಲ್ಲಿ ಈಶಾನ್ಯ ಕರ್ನಾಟಕ ನಿಗಮ, 2021ರಲ್ಲಿ ಕಲ್ಯಾಣ ಕರ್ನಾಟಕ ನಿಗಮ, ಹೀಗೆ ಗಾಡಿಯ ಬದಿಯ ಅಕ್ಷರಗಳು ಮತ್ತೆ ಮತ್ತೆ ಬದಲಾದವು. ಊರಿನ ಹೆಸರೂ 2014ರಲ್ಲಿ ವಿಜಯಪುರವಾಯಿತು. ಆದರೂ ನಮ್ಮ ಹಳ್ಳಿಯ ಮುದುಕಿಯರು ಇನ್ನೂ “ಎಸ್.ಟಿ. ಬಂತೇನ?” ಎಂದೇ ಕೇಳುವರು.

ನಾವು ಬುದ್ಧಿ ಬಂದಾಗಿನಿಂದ ಕಂಡದ್ದು ಹೆಚ್ಚಾಗಿ ಲೇಲ್ಯಾಂಡ್ ಬಸ್ಸು. 1948ರಲ್ಲಿ ಮದರಾಸಿನ ಹತ್ತಿರದ ಎಣ್ಣೂರಿನಲ್ಲಿ ರಘುನಂದನ ಶರಣ ಎಂಬವರು ಮಗನ ಹೆಸರಿನಿಂದ ಅಶೋಕ ಮೋಟರ್ಸ್ ಎಂಬ ಕಾರಖಾನೆಯನ್ನು ಸ್ಥಾಪಿಸಿದರು. 1950ರಲ್ಲಿ ವಿಲಾಯತಿಯ ಲೇಲ್ಯಾಂಡ್ ಕಂಪನಿಯೊಡನೆ ಒಪ್ಪಂದವಾಗಿ, 1955ರಲ್ಲಿ ಅದು ಅಶೋಕ ಲೇಲ್ಯಾಂಡ್ ಆಯಿತು. ಅಲ್ಲಿ ಜೋಡಿಸಲ್ಪಟ್ಟ ‘ಕಾಮೆಟ್’ ಎಂಬ ಜಾತಿಯು ನಮ್ಮ ದಾರಿಗಳಲ್ಲಿ ಬಹುಕಾಲ ಬಾಳಿತು. ಕಾಮೆಟ್ ಎಂದರೆ ಧೂಮಕೇತು. ನಮ್ಮ ಪಂಚಾಂಗದವರು ಧೂಮಕೇತುವನ್ನು ಕಂಡರೆ ಬರಗಾಲವನ್ನು ನುಡಿಯುವರು. ಆದರೆ ಈ ಧೂಮಕೇತುವು ತಿಕೋಟೆಯ ತಿರುವಿನಲ್ಲಿ ಮೂಡಿದರೆ ಇಡಿಯ ಊರು ಹರ್ಷದಿಂದ ಅಗಸೆಯ ಬಳಿಗೆ ಓಡಿಬರುತ್ತಿತ್ತು!

ಮುಂದೆ ಚಾಚಿದ ಮೂಗು, ಮೂಗಿನ ತುದಿಯಲ್ಲಿ ರೇಡಿಯೇಟರಿನ ಜಾಲರಿ, ಇಕ್ಕೆಲಗಳಲ್ಲಿ ಕಣ್ಣಿನಂತಹ ದೀಪಗಳು. ಚಾಲಕರ ಕಿಡಿಕಿಯ ಹೊರಗೆ ರಬ್ಬರಿನ ಚೆಂಡುಳ್ಳ ಹಿತ್ತಾಳೆಯ ಕೊಂಬು. ಬೇಸಿಗೆಯಲ್ಲಿ ಏರು ಹತ್ತಿದ ಗಾಡಿಯ ಮೂಗಿನಿಂದ ಉಗಿ ಎದ್ದರೆ ಬಾವಿಯ ಹತ್ತಿರ ನಿಲ್ಲಿಸಿ ಕೊಡ ನೀರು ಹೊಯ್ಯುವರು. “ಅದಕ್ಕೂ ನೀರಡಿಕಿ ಆಗೈತಿ” ಎಂದು ಹೆಂಗಸರು ಕರುಣೆ ತೋರುವರು. ಹಳೆಯ ಬೆಡ್‌ಫರ್ಡ್ ಗಾಡಿಯು ಚಳಿಯ ಮುಂಜಾವಿನಲ್ಲಿ ಮುನಿದು ಕೂತರೆ, ಮುಂದೆ ಕಬ್ಬಿಣದ ಹಿಡಿಯನ್ನು ತೂರಿಸಿ ತಿರುವಿ ಅದನ್ನು ಎಬ್ಬಿಸಬೇಕು. ಹಿಡಿ ತಿರುಗಿ ಹೊಡೆದರೆ ಕೈ ಮುರಿಯುವ ಸಂಭವ. ಆದುದರಿಂದ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಬದಿಗೇ ಇಟ್ಟು ತಿರುವುವದೇ ಕ್ರಮವಾಗಿತ್ತು.

ಇನ್ನು ಚಾಲಕರ ವಿದ್ಯೆ. ಇಂದಿನ ಗಾಡಿಗಳಲ್ಲಿ ಗೇರಿನ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡು ಯಂತ್ರದೊಳಗೇ ಇರುವದು. ಆ ಕಾಲದ ಬಸ್ಸುಗಳಲ್ಲಿ ಅದು ಸಾಮಾನ್ಯವಾಗಿ ಇರಲಿಲ್ಲ, ಇದ್ದರೂ ಪೂರ್ಣವಾಗಿರಲಿಲ್ಲ. ಕೆಳಗಿನ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನು ತುಳಿದು ಗೇರನ್ನು ಬಿಡಿಸುವದು. ಕ್ಲಚ್ಚನ್ನು ಬಿಟ್ಟು ಎಂಜಿನಿನ ವೇಗವನ್ನು ತಕ್ಕಷ್ಟೇ ಏರಿಸುವದು. ಮತ್ತೆ ಕ್ಲಚ್ಚನ್ನು ತುಳಿದು ಹೊಸ ಗೇರನ್ನು ಹಾಕುವದು. ಇಷ್ಟೂ ಒಂದು ಉಸಿರಿನಲ್ಲಿ ಆಗಬೇಕು. ವೇಗ ಹೆಚ್ಚಾದರೂ ಹಲ್ಲು ಕಡಿಯುವದು, ಕಡಿಮೆಯಾದರೂ ಕಡಿಯುವದು. ಆ ವೇಗವನ್ನು ತೋರಿಸುವ ಮುಳ್ಳು ಎದುರಿಗಿರಲಿಲ್ಲ. ಅದನ್ನು ಕಿವಿಯಿಂದಲೇ ತಿಳಿಯಬೇಕು.

ಈ ಸಲದ ಪ್ರವಾಸದಲ್ಲಿ ತಿಕೋಟೆಯಲ್ಲಿ ನಮಗೆ ಒಬ್ಬ ನಿವೃತ್ತ ಚಾಲಕರ ಭೆಟ್ಟಿಯಾಯಿತು. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಸಕಾಗಿದೆ. ಹಳೆಯ ಗಾಡಿಯ ಮಾತು ತೆಗೆದೊಡನೆ ಅವರ ಎಡಗಾಲು ತಾನಾಗಿ ನೆಲವನ್ನು ಎರಡು ಸಲ ತುಳಿಯಿತು. ಎಡಗೈಯು ಬರಿಯ ಗಾಳಿಯಲ್ಲಿ ಗೇರನ್ನು ಬದಲಿಸಿತು. “ಗಾಡಿ ತಾನ ಹೇಳತಿತ್ರೀ, ನಾವು ಕೇಳಬೇಕಾಗಿತ್ತು ಅಷ್ಟ” ಎಂದರು. ಅವರ ಮೊಮ್ಮಗನು ಬದಿಗೆ ನಿಂತಿದ್ದನು. ಅಜ್ಜನು ಕಾಲು ತುಳಿದದ್ದೇಕೆಂದು ಅವನಿಗೆ ತಿಳಿಯಲಿಲ್ಲ. ನಾವು ವಿವರಿಸಿದಾಗ ಅವನು, “ಮತ್ತ ನನಗ ಒಂದಿನಾನೂ ಹೇಳಿಲ್ಲಲಾ ಮುತ್ಯಾ” ಎಂದನು. ಅದಕ್ಕೆ ಆ ಹಿರಿಯರ ಉತ್ತರ ಇಷ್ಟೇ: “ನೀ ಕೇಳಲಿಲ್ಲ, ತಮ್ಮಾ.”

ಈ ಮಾತು ನಮ್ಮ ಮನಸ್ಸಿನಲ್ಲಿ ನೆಟ್ಟಿತು. ಗೋಲಗುಮ್ಮಟದ ಸುತ್ತುಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಪಿಸುನುಡಿದರೆ ಆಚೆಯ ಬದಿಯಲ್ಲಿ ಕುಳಿತವನಿಗೆ ಸ್ಪಷ್ಟವಾಗಿ ಕೇಳುವದೆಂದು ಜಗತ್ತೇ ಬೆರಗಾಗುವದು. ಅಂತಹ ಊರಿನ ಸೀಮೆಯಲ್ಲಿ, ಒಂದೇ ಮನೆಯ ಅಜ್ಜನ ವಿದ್ಯೆಯು ಒಂದೇ ಕಟ್ಟೆಯ ಮೇಲೆ ಕುಳಿತ ಮೊಮ್ಮಗನಿಗೆ ಕೇಳದೆ ಹೋಗುವದೆಂದರೆ ಅದು ವಿಚಾರ ಮಾಡತಕ್ಕ ಸಂಗತಿಯಲ್ಲವೇ?

ತಿಕೋಟೆಯ ದಾರಿಯು ನೋಡಲಿಕ್ಕೂ ಸೊಗಸಾದದ್ದು. ಪಟ್ಟಣದ ಪಡುವಣ ಕೋಟೆಗೋಡೆಯನ್ನು ದಾಟಿದ ಮೇಲೆ ತೊರವಿ ಸಿಗುವದು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. ನರಸಿಂಹದೇವರ ಗುಡಿ ಇಲ್ಲಿಯೇ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟತೊಡಗಿದ ನವರಸಪುರದ ಹಾಳುಬಿದ್ದ ಸಂಗೀತ ಮಹಲೂ ಈ ಸೀಮೆಯಲ್ಲಿಯೇ ನಿಂತಿದೆ. ಅಲ್ಲಿಂದ ಮುಂದೆ ತಿಕೋಟೆಯವರೆಗೆ ಮರಡಿಯ ನೆಲ. ಮೊದಲು ಸಜ್ಜೆ, ಜೋಳಗಳ ಹೊಲವಾಗಿದ್ದಲ್ಲಿ ಈಗ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ನಮ್ಮ ಬಾಲ್ಯದಲ್ಲಿ ಈ ದಾರಿಯ ಬಸ್ಸಿಗೆ ನಿಲ್ದಾಣಗಳ ಪಟ್ಟಿ ಬೇರೆ, ನಿಲ್ಲುವ ಸ್ಥಳಗಳು ಬೇರೆ. ಬದುವಿನ ಮೇಲಿಂದ ಒಬ್ಬಾಕೆ ಸೆರಗು ಬೀಸಿ “ಯಪ್ಪಾ, ತುಸು ನಿಂದರಸ್ರೀ!” ಎಂದರೆ ಬಸ್ಸು ನಿಲ್ಲುವದೇ ಸರಿ. ಕಂಡಕ್ಟರರು ಟಿಕೀಟು ಹರಿಯುವದರ ಜೊತೆಗೆ ಔಷಧದ ಸೀಸೆಯನ್ನೂ, ಹೈಸ್ಕೂಲಿನ ಹುಡುಗರಿಗೆ ಮನೆಯಿಂದ ಬಂದ ರೊಟ್ಟಿ-ಹಿಂಡಿಯ ಬುತ್ತಿಯನ್ನೂ ಮುಟ್ಟಿಸುತ್ತಿದ್ದರು. ವಾರದ ರೂಮಿನಲ್ಲಿದ್ದು ಓದಿದ ಎಷ್ಟೋ ಬಡ ಹುಡುಗರು ಆ ಬುತ್ತಿಯ ಮೇಲೆಯೇ ಪರೀಕ್ಷೆ ಪಾಸಾದರು. ಅದಕ್ಕೆ ಯಾವ ದರಪಟ್ಟಿಯೂ ಇರಲಿಲ್ಲ.

ತಿಕೋಟೆಯಿಂದ ಪಟ್ಟಣಕ್ಕೆ ಮರಳಿ, ಮರುದಿನ ನಾವು ಬಬಲೇಶ್ವರದ ದಾರಿ ಹಿಡಿದೆವು. ಇದರ ಸ್ವಭಾವವೇ ಬೇರೆ. ಸಾರವಾಡದ ಹತ್ತಿರ ಡೋಣಿ ಹೊಳೆಯನ್ನು ದಾಟಬೇಕು. ಡೋಣಿಯ ನೀರು ಉಪ್ಪು, ಅದರ ಎರೆಭೂಮಿ ಮಾತ್ರ ಬಂಗಾರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ನಮ್ಮ ಗಾದೆ. ಆದರೆ ಆ ಎರೆಯು ಮಳೆಯಲ್ಲಿ ಬಸ್ಸಿಗೆ ವೈರಿ. ಡಾಂಬರು ಬರುವ ಮೊದಲು ಒಂದು ಹದವಾದ ಮಳೆ ಬಿದ್ದರೆ ಗಾಲಿಗೆ ಅಂಟಿದ ಮಣ್ಣು ಬಂಡಿಯ ಗಾಲಿಯಷ್ಟೇ ದಪ್ಪವಾಗುವದು. ಹೊಳೆಗೆ ನೀರು ಬಂದರೆ ಈಚೆಯ ಬಸ್ಸು ಈಚೆ, ಆಚೆಯವರು ಆಚೆ. ಪಂಚಮಿಗೆ ತಂಗಿಯನ್ನು ಕರೆಯಬಂದ ಅಣ್ಣಂದಿರು ದಂಡೆಯ ಮೇಲೆ ಕೂತು ನೀರು ಇಳಿಯುವದನ್ನು ಕಾಯುವರು. ಅಂತಹ ಹೊತ್ತಿನಲ್ಲಿ ಒಂದೇ ಬಸ್ಸಿನ ಜನರು ಬುತ್ತಿಗಳನ್ನು ಬಿಚ್ಚಿ ಹಂಚಿಕೊಂಡು ಉಂಡದ್ದನ್ನು ನಾವು ಕಂಡಿದ್ದೇವೆ. ಬಬಲೇಶ್ವರದ ಸೀಮೆಯಲ್ಲಿ ಮಹಮ್ಮದ ಆದಿಲಶಾಹನ ಹೆಸರಿನ ಮಮದಾಪುರದ ಕೆರೆಯಿದೆ. ದಾಸವರೇಣ್ಯ ಮಹಿಪತಿದಾಸರ ಕಾಖಂಡಕಿಯಿದೆ. ಈ ಊರುಗಳಿಗೆ ಹೋಗುವವರೆಲ್ಲರೂ ಬಬಲೇಶ್ವರದ ಕಟ್ಟೆಯ ಮೇಲೆ ಇಳಿದು, ಮುಂದಿನ ಗಾಡಿಯ ದಾರಿ ಕಾಯುತ್ತ ಕುಶಲ ಕೇಳಿಕೊಳ್ಳುವರು.

ಹಳೆಯದನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಬಾರದು. ಆ ಬಸ್ಸುಗಳು ಸುಖದ ವಾಹನಗಳಾಗಿರಲಿಲ್ಲ. ಬೇಸಿಗೆಯ ಧೂಳಿನಲ್ಲಿ ಇಳಿಯುವವರ ಹುಬ್ಬು ಬೆಳ್ಳಗಾಗುತ್ತಿತ್ತು. ದಿನಕ್ಕೆ ಬರುವ ಒಂದೆರಡು ಗಾಡಿಗಳಲ್ಲಿ ಒಂದು ಕೆಟ್ಟು ನಿಂತರೆ ಬೇನೆ ತಿನ್ನುವ ಬಸುರಿಯ ಗತಿ ಏನೆಂಬುದನ್ನು ತಾಯಂದಿರು ಬಲ್ಲರು. ಹೆಣ್ಣುಮಕ್ಕಳನ್ನು ಒಬ್ಬಂಟಿಗರಾಗಿ ಬಸ್ಸಿಗೆ ಕಳಿಸುವ ಧೈರ್ಯ ಅಂದು ಎಷ್ಟು ಮನೆಗಳಿಗಿತ್ತು? ಇಂದು ಅದೇ ತೊರವಿಯಲ್ಲಿ, 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯವು ಅಕ್ಕಮಹಾದೇವಿಯ ಹೆಸರನ್ನು ಹೊತ್ತು ನಿಂತಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸ್ತ್ರೀಯರಿಗೆ ಸಾಧಾರಣ ಸರಕಾರಿ ಬಸ್ಸಿನ ಪ್ರವಾಸವು ಉಚಿತವಾಯಿತು. ತಿಕೋಟೆಯ ಬಸ್ಸಿನಲ್ಲಿ ಪುಸ್ತಕ ಹಿಡಿದು ನಿಂತ ಹುಡುಗಿಯರ ಗುಂಪನ್ನು ಕಂಡಾಗ, ಹಳೆಯ ಕಾಮೆಟ್ಟಿಗಾಗಿ ಈ ಕಾಲವನ್ನು ಮಾರಿಕೊಳ್ಳಬೇಕೆಂದು ನಮಗಂತೂ ಅನಿಸಲಿಲ್ಲ.

ಆದರೂ, ಬಿಟ್ಟುಕೊಡುವದು ಬೇರೆ, ಗುರುತೇ ಇಲ್ಲದಂತೆ ಮಾಡುವದು ಬೇರೆ. 1954ರಲ್ಲಿ ಟಾಟಾ ಕಂಪನಿಯವರು ಜರ್ಮನಿಯವರೊಡನೆ ಕೂಡಿ ಗಾಡಿ ಮಾಡತೊಡಗಿದ ಮೇಲೆ ವಿಲಾಯತಿ ಬಸ್ಸುಗಳ ಏಕಾಧಿಪತ್ಯವು ಕ್ರಮವಾಗಿ ಮುರಿಯಿತು. ಹಳೆಯ ಗಾಡಿಗಳು ಲಿಲಾವಿಗೆ ಹೋಗಿ ತೂಕದ ಕಬ್ಬಿಣವಾದವು. ಅವು ಹುಟ್ಟಿದ ದೇಶದಲ್ಲಿ ಹಾಗಾಗಲಿಲ್ಲ. ಲೇಲ್ಯಾಂಡ್ ಊರಿನಲ್ಲಿಯೇ 1983ರಿಂದ ಅಂತಹ ವಾಹನಗಳ ವಸ್ತುಸಂಗ್ರಹಾಲಯವಿದೆ. 2005ರ ಡಿಸೆಂಬರ 9ರಂದು ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸುಗಳು ನಿತ್ಯದ ಓಡಾಟವನ್ನು ನಿಲ್ಲಿಸಿದಾಗ ಜನರು ಬೀದಿಯ ಇಕ್ಕೆಲಗಳಲ್ಲಿ ನಿಂತು ಬೀಳ್ಕೊಟ್ಟರು. ಮಾಲ್ಟಾ ದ್ವೀಪದವರು 2011ರವರೆಗೂ ಹಳೆಯ ಬೆಡ್‌ಫರ್ಡ್, ಲೇಲ್ಯಾಂಡುಗಳನ್ನು ಬಣ್ಣ ಬಳಿದು ಓಡಿಸಿದರು. ಮುಂಬಯಿಯಲ್ಲಿ 1937ರಲ್ಲಿ ಬಂದ ಎರಡಂತಸ್ತಿನ ಬಸ್ಸುಗಳ ಪರಂಪರೆಯಲ್ಲಿ, ಡೀಜೆಲ್ಲಿನ ಕೊನೆಯ ಗಾಡಿಗೆ 2023ರ ಸಪ್ಟೆಂಬರ 15ರಂದು ಹೂಮಾಲೆ ಹಾಕಿ ವಿದಾಯ ಹೇಳಿದರು.

ನಮ್ಮ ಊರಿಗೂ ಲಿಲಾವಿನ ಒಂದು ಪಾಠವಿದೆ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಅದರ ತೂಕ ಸುಮಾರು 55 ಟನ್ನು. 1854ರಲ್ಲಿ ಅದನ್ನು 150 ರೂಪಾಯಿಗಳಿಗೆ ಲಿಲಾವು ಮಾಡಿದ್ದರು. ಸುದೈವದಿಂದ ಆ ಮಾರಾಟವು ರದ್ದಾಯಿತು. ಆದುದರಿಂದಲೇ ಇಂದು ಶಾಲೆಯ ಮಕ್ಕಳು ಅದರ ಬಾಯಲ್ಲಿ ಇಣಿಕಿ ನೋಡುವರು. ಜನರನ್ನು ಕೊಲ್ಲಲಿಕ್ಕೆ ಹುಟ್ಟಿದ ತೋಪು ಉಳಿಯಿತು. ಜನರನ್ನು ಪೇಟೆಗೂ ಪಾಠಶಾಲೆಗೂ ತವರಿಗೂ ಮುಟ್ಟಿಸಿದ ಬಸ್ಸಿನ ಲಿಲಾವನ್ನು ರದ್ದು ಮಾಡಿಸುವವರು ಯಾರೂ ಹುಟ್ಟಲಿಲ್ಲ.

ಗಾಡಿಯನ್ನು ಮರಳಿ ತರುವದು ಗೃಹಸ್ಥರ ಕೈಯಲ್ಲಿಲ್ಲ. ಅದನ್ನು ನಡೆಸಿದವರ ಮಾತನ್ನು ಕೇಳಿ ಬರೆದಿಡುವದು ಮಾತ್ರ ಖಂಡಿತವಾಗಿ ನಮ್ಮ ಕೈಯಲ್ಲಿದೆ. ಅವರಲ್ಲಿ ಬಹುಜನರು ಈಗಾಗಲೇ ಇಲ್ಲ. ಇದ್ದವರು ಎಂಬತ್ತರ ಆಚೆಯವರು. ವಾಚಕರಲ್ಲಿ ಯಾರ ಮನೆಯಲ್ಲಿ, ಯಾರ ಓಣಿಯಲ್ಲಿ ಹಳೆಯ ಚಾಲಕರೋ ಕಂಡಕ್ಟರರೋ ಗ್ಯಾರೇಜಿನ ಮಿಸ್ತ್ರಿಗಳೋ ಇರುವರೋ ಅವರು ಈ ಹಬ್ಬದ ರಜೆಯಲ್ಲಿ ಒಂದು ಸಂಜೆ ಅವರ ಬಳಿ ಕುಳಿತು ಕೇಳಲಿ: ಯಾವ ಗಾಡಿ, ಯಾವ ದಾರಿ, ಹೊಳೆ ಬಂದಾಗ ಏನು ಮಾಡಿದಿರಿ, ಏರಿನಲ್ಲಿ ಗೇರನ್ನು ಹೇಗೆ ಇಳಿಸಿದಿರಿ? ಟ್ರಂಕಿನ ತಳದಲ್ಲಿ ಹಿತ್ತಾಳೆಯ ಬಿಲ್ಲೆ, ಟಿಕೀಟಿಗೆ ತೂತು ಹಾಕುವ ಚಿಮಟಿಗೆ, ಚರ್ಮದ ಹಣದ ಚೀಲ, ಗಾಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಸಿಕ್ಕರೆ ಅದನ್ನು ಮೋಡಕದವನ ತಕ್ಕಡಿಗೆ ಹಾಕದಿರಲಿ. ಅದರ ಹಿಂದೆ ಹೆಸರು, ಊರು, ವರ್ಷಗಳನ್ನು ಬರೆದಿಡಲಿ. ಮಕ್ಕಳನ್ನೂ ಜೊತೆಗೆ ಕೂಡಿಸಿಕೊಳ್ಳಲಿ. ತಿಕೋಟೆಯ ಆ ಹುಡುಗನು ನಾವು ಹೊರಡುವ ಹೊತ್ತಿಗೆ ಮುತ್ಯಾನ ಮುಂದೆ ಪಾಟಿ-ಪುಸ್ತಕ ತಂದು ಕುಳಿತಿದ್ದನು.